ಅವಳು ಹಾಡುವವರೆಗೆ

ಕಾಕತಾಳೀಯ ಎಂಬ ಒಂದು ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಡುವವರಲ್ಲಿ ನಾನೂ ಒಬ್ಬನಾಗಿದ್ದೆ. ಓದಿದ್ದು ಎಂಜಿನಿಯರಿಂಗ್. ಯಾರಾದರೂ ವಿಚಿತ್ರ ಕಥೆ ಹೇಳಿದರೆ ಅದಕ್ಕೊಂದು ಕಾರಣ ಹುಡುಕಿಕೊಟ್ಟು ಅವರ ಮುಖ ಸಪ್ಪಗಾಗಿಸುವುದು ನನ್ನ ಚಟ. ನಾಲ್ಕು ವರ್ಷದ ಹಿಂದಿನ ಒಂದು ಶುಕ್ರವಾರ ಆ ಚಟವನ್ನು ಬಿಡಿಸಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬಿ ಎಂದು ಒತ್ತಾಯಿಸುವುದಿಲ್ಲ.

ನಾವಿರುವುದು ಕೊಲ್ಲಿ ದೇಶವೊಂದರ ಬೌಷರ್‌ನಲ್ಲಿ. ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟಿದ್ದ ಇಂಗ್ಲಿಷ್ ಸಹೋದ್ಯೋಗಿಯಿಂದ ನಾನೊಂದು ಹಳೆಯ ಜೀಪು ಕೊಂಡಿದ್ದೆ. ಅದರ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ಟೊಂದು ಸಿಕ್ಕಿಹಾಕಿಕೊಂಡಿತ್ತು. ತಮ್ಮ ಹಳ್ಳಿಹಾಡುಗಳಿಗೆ ರಾಕ್ ಮತ್ತು ಜಾಝ್ ಬೆರೆಸಿ ನುಡಿಸುವ ಬ್ರಿಟನ್ನಿನ ಹಳೆಯ ಬ್ಯಾಂಡು ಅದು ಎಂದು ಆತ ಹೇಳಿದ್ದ. ಎರಡು ಗಿಟಾರು, ಡ್ರಮ್ಮು, ಆಳೆತ್ತರದ ಪಿಟೀಲಿನಂಥ ಡಬಲ್ ಬೇಸ್, ಒಬ್ಬ ಗಾಯಕಿ. ಹೊರಗೆ ಬಾರದ ಆ ಕ್ಯಾಸೆಟ್ ಒಂದು ಬದಿ ಮುಗಿದರೆ ತಾನೇ ಇನ್ನೊಂದು ಬದಿಗೆ ಹೊರಳಿ, ಕೀಲಿ ತಿರುವಿದಾಗಲೆಲ್ಲ ಹಾಡುತ್ತಿತ್ತು. ಮೊದಲು ಕಿರಿಕಿರಿಯಾಗಿ, ಆಮೇಲೆ ಬಾಯಿಪಾಠವಾಗಿ, ಕೊನೆಗೆ ಇಷ್ಟವೇ ಆಯಿತು.

ಅದರಲ್ಲೊಂದು ಹಾಡಿದೆ. ನಡುವೆ ಉಳಿದ ವಾದ್ಯಗಳೆಲ್ಲ ನಿಂತು ಬೇಸ್ ಒಂದೇ ನಡೆಯುತ್ತದೆ. ಒಂದು ನಿಮಿಷದಷ್ಟು ಹೊತ್ತು. ಆಮೇಲೆ ಗಾಯಕಿ ಉಸಿರೆಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳಿಸಿ, ಹಾಡು ಬರುತ್ತದೆ. ಆಗ ಎಂಟು ವರ್ಷದವಳಾಗಿದ್ದ ಮಗಳು ಅದಿತಿ ಒಂದು ಕಾನೂನು ಮಾಡಿದ್ದಳು: ಬೇಸ್ ನುಡಿಯುತ್ತಿದ್ದಾಗ ಎಲ್ಲಿಗೆ ತಲುಪಿದರೂ ‘ಆಂಟಿ’ ಹಾಡುವವರೆಗೆ ಯಾರೂ ಇಳಿಯಬಾರದು. ಆಫೀಸಿಗೆ ತಡವಾದರೂ ಸರಿ, ನಾನು ಪಾಲಿಸುತ್ತಿದ್ದೆ.

ಆ ಶುಕ್ರವಾರ ಅವಳನ್ನು ಕರೆದುಕೊಂಡು ರುಸ್ತಾಕ್‌ಗೆ ಹೋಗಿದ್ದೆ. ಅಲ್ಲಿನ ಮಾರುಕಟ್ಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಹಮೀದಾಕ ನಮ್ಮ ಸ್ನೇಹಿತರು, ಬಂಟ್ವಾಳದ ಕಡೆಯ ಬ್ಯಾರಿ. ಅವರ ಜುಮ್ಮಾ ನಮಾಜು ಮುಗಿದ ಮೇಲೆ ಮೂವರೂ ಊಟ ಕಟ್ಟಿಕೊಂಡು ಹತ್ತಿರದ ವಾದಿಗೆ ಹೊರಟೆವು. ವಾದಿ ಎಂದರೆ ಬೆಟ್ಟಗಳ ನಡುವಿನ ಒಣ ಹೊಳೆಯ ಪಾತ್ರ. ನಡುವೆ ಒಂದು ಮುಳ್ಳುಮರ, ಅದರ ನೆರಳಲ್ಲಿ ಚಾಪೆ ಹಾಸುವ ಯೋಚನೆ. ದೂರದ ಬೆಟ್ಟದ ಮೇಲೆ ಮೋಡ ಕಪ್ಪಗಿತ್ತು. ನಾನು ಕಾವೇರಿ ದಂಡೆಯಲ್ಲಿ ಬೆಳೆದವನು. ಹೊಳೆ ಬಣ್ಣ ತಿರುಗಿ, ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನೇ ಕಂಡವನು. ಆ ಮೋಡ ನನಗೆ ಲೆಕ್ಕಕ್ಕೇ ಬರಲಿಲ್ಲ. ಹಮೀದಾಕ ಮಾತ್ರ ಒಮ್ಮೆ ಅತ್ತ ನೋಡಿ ಕೇಳಿದರು, “ಮಳೆ ಉಂಟೋ ಏನೋ ಸಾರ್?”

“ನಮ್ಮ ತಲೆ ಮೇಲೆ ಬಿಸಿಲಿದೆಯಲ್ಲ ಹಮೀದಾಕ!” ಎಂದೆ. ಆ ಮಾತು ನೆನಪಾದರೆ ಈಗಲೂ ಮೈ ಬಿಸಿಯಾಗುತ್ತದೆ.

ದಂಡೆಯ ಮೇಲೆ ಜೀಪು ನಿಲ್ಲಿಸಿದಾಗ ಬೇಸ್ ಶುರುವಾಗಿತ್ತು. ಹಮೀದಾಕ ಚಾಪೆ ಹೊತ್ತು ಇಳಿದು ನಾಲ್ಕು ಹೆಜ್ಜೆ ಹೋಗಿದ್ದರು.

“ಹಮೀದ್ ಅಂಕಲ್, ನಾಟ್ ಯೆಟ್! ಆಂಟಿ ಹಾಡಿಲ್ಲ!” ಎಂದು ಅದಿತಿ ಕಿರುಚಿದಳು.

“ಎಂತ ಮಾರಾಯ್ತಿ ನಿನ್ನ ಆಂಟಿ! ಬಿರಿಯಾನಿ ತಣ್ಣಗಾಗ್ತದೆ,” ಎನ್ನುತ್ತ, ನಗುತ್ತ ವಾಪಸು ಬಂದು ಕುಳಿತರು.

ಕಾದೆವು. ಬೇಸ್ ನಿಲ್ಲಲಿಲ್ಲ. ಹಮೀದಾಕ ಒಂದು ಕಿತ್ತಳೆ ಸುಲಿದು ಮಗಳಿಗೆ ಕೊಟ್ಟರು. ಇನ್ನೊಂದು ಸುಲಿದು ತಾವು ತಿಂದರು. ಅದೇ ನಡೆ, ಅದೇ ಗತಿ, ಆದರೆ ನಾನು ಹಿಂದೆಂದೂ ಕೇಳದ ಸ್ವರಗಳು.

“ಇವತ್ತು ನಿನ್ನ ಆಂಟಿ ರಜೆ ಹಾಕಿದ್ದಾಳೆ. ಖಲಾಸ್, ಇಳಿಯುವ,” ಎಂದರು ಹಮೀದಾಕ. ಅದಿತಿ ತಲೆಯಾಡಿಸಿದಳು. ನಾನೂ ಬಾಗಿಲು ತೆರೆಯಲಿಲ್ಲ.

ಆಗ ನೀರು ಬಂತು. ಹರಿದು ಬರಲಿಲ್ಲ, ಗೋಡೆಯ ಹಾಗೆ ಬಂತು. ಕಂದು ಬಣ್ಣದ ಗೋಡೆ, ಅದರೊಳಗೆ ಕಲ್ಲು, ಕೊಂಬೆ. ನಾವು ಚಾಪೆ ಹಾಸಬೇಕಿದ್ದ ಮರ ಒಮ್ಮೆ ಬಾಗಿ, ಮತ್ತೆ ಕಾಣಲಿಲ್ಲ. ಹಮೀದಾಕ ಪ್ರಾರ್ಥನೆ ಹೇಳತೊಡಗಿದರು. ನಾನು ಜೀಪು ಹಿಂದಕ್ಕೆ ತೆಗೆಯುತ್ತಿದ್ದಂತೆ, ಅಷ್ಟು ಸದ್ದಿನ ನಡುವೆಯೂ, ಆ ಉಸಿರು ಕೇಳಿಸಿತು. ಅವಳು ಹಾಡಿದಳು.

ಆಮೇಲೆ ಆ ಹಾಡನ್ನು ಎಷ್ಟು ಸಲ ಗಡಿಯಾರ ಹಿಡಿದು ಕೇಳಿದೆನೋ. ಬೇಸ್ ಪ್ರತಿಸಲವೂ ಒಂದೇ ನಿಮಿಷ. ಶಾಖಕ್ಕೆ ಟೇಪು ನಿಧಾನವಾಗಿರಬಹುದು ಎಂದುಕೊಂಡೆ. ಹಾಗಾದರೆ ಶ್ರುತಿ ಇಳಿಯಬೇಕಿತ್ತು, ಇಳಿದಿರಲಿಲ್ಲ. ನೀರಿನ ಮೊರೆತವನ್ನೇ ಬೇಸ್ ಎಂದು ಭ್ರಮಿಸಿದೆವೇ? ಆದರೆ ಎರಡು ಕಿತ್ತಳೆ ಸುಲಿಯುವಷ್ಟು ಹೊತ್ತು ಮೊರೆತ ತಾಳ ತಪ್ಪದೆ ನಡೆಯುತ್ತದೆಯೇ? ಅಲ್ ಖೌದ್‌ನ ಮೆಕ್ಯಾನಿಕ್ ಟೇಪ್ ರೆಕಾರ್ಡರ್ ಬಿಚ್ಚಿ ನೋಡಿ, ಎಲ್ಲ ಸರಿಯಿದೆ ಎಂದ. ಕ್ಯಾಸೆಟ್ ತೆಗೆದುಕೊಡಲೇ ಎಂದು ಕೇಳಿದ. ಬೇಡ ಎಂದೆ.

ಹಮೀದಾಕ ಅಲ್ಲಾಹು ಕಾಪಾಡಿದ ಎನ್ನುತ್ತಾರೆ. ಅವರಿಗೆ ಅಷ್ಟು ಸಾಕು. ನನಗೆ ಸಾಲುವುದಿಲ್ಲ. ಅವರ ಆ ನಾಲ್ಕು ಹೆಜ್ಜೆ ನೆನೆದು ನಿದ್ದೆಯಲ್ಲಿ ಎದ್ದು ಕೂರುತ್ತೇನೆ.

ಅದಿತಿಗೀಗ ಹನ್ನೆರಡು. ತಾನು ಮಾಡಿದ ಕಾನೂನನ್ನು ಅವಳೇ ಮರೆತಿದ್ದಾಳೆ. ಮೊನ್ನೆ ಶಾಲೆಯ ಮುಂದೆ ಜೀಪು ನಿಲ್ಲಿಸಿದಾಗ ಬೇಸ್ ನಡೆಯುತ್ತಿತ್ತು. ಅವಳು ಬಾಗಿಲಿಗೆ ಕೈ ಹಾಕಿದಳು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ.

“ಅಪ್ಪಾ, ಬೆಲ್ ಆಗೋಯ್ತು! ಇಟ್ಸ್ ಜಸ್ಟ್ ಎ ಸಾಂಗ್!”

ಹೌದು, ಬರೀ ಹಾಡು. ಹಿಂದಿನ ಕಾರಿನವರು ಹಾರ್ನ್ ಬಾರಿಸುತ್ತಿದ್ದರು. ಉಸಿರು ಇನ್ನೂ ಕೇಳಿಸಿರಲಿಲ್ಲ. ನಾನು ಕೈ ಬಿಡಲಿಲ್ಲ.