ಅರ್ಜಿಯ ಅಂಚಿನ ಎಮ್ಮೆ

ಹೆಂಡತಿ ಬಾಯಿಬಿಟ್ಟು ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಆಗ ನಮ್ಮ ಕಡೆ ಎಲ್ಲರೂ ನಂಬಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಿಪಟೂರಿನ ವಕೀಲರೊಬ್ಬರ ಕೈಕೆಳಗಿದ್ದೆ. ಹಾಲ್ಕುರಿಕೆ ಕಡೆಯ ಜಯಮ್ಮ, ಶಿವಣ್ಣ ಒಪ್ಪಿಗೆಯ ಮೇಲೆ ವಿಚ್ಛೇದನಕ್ಕೆ ಬಂದಿದ್ದರು. ಊರ ಹಿರಿಯರು ನಾಲ್ಕು ಸಲ ಕೂತು ಆಸ್ತಿ ಪಾಲಿನ ರಾಜಿ ಮಾಡಿಸಿದ್ದರು. ನಲವತ್ತು ತೆಂಗಿನಮರ ಅವಳಿಗೆ, ಕರೆಯುವ ಎಮ್ಮೆ ಅವನಿಗೆ. ನಾಲ್ಕರಲ್ಲಿ ಮೂರು ಸಲ ಜಗಳವಾದದ್ದು ಎಮ್ಮೆಗಾಗಿ. ಇನ್ನು ಕೋರ್ಟಿನ ಗುಮಾಸ್ತರ ಮುಂದೆ ಇಬ್ಬರೂ ಅರ್ಜಿಗೆ ಪ್ರಮಾಣ ಮಾಡುವುದಷ್ಟೇ ಉಳಿದಿತ್ತು.

"ಗಂಡನ ಹೆಸರೇನಮ್ಮ?" ಎಂದರು ಗುಮಾಸ್ತರು.

"ಬರ್ದೈತಲ್ಲ ಸ್ವಾಮಿ, ಓದ್ಕೊಳ್ಳಿ," ಎಂದಳು ಜಯಮ್ಮ.

"ನೀನೇ ಹೇಳ್ಬೇಕು. ಇಲ್ದಿದ್ರೆ ಅರ್ಜಿ ವಾಪಸ್."

"ಮೊದ್ಲು ಬಿಡುಗಡೆ ಮಾಡ್ಕೊಡಿ, ಆಮೇಲೆ ಹೇಳ್ತೀನಿ. ಅಲ್ಲೀಗಂಟ ಗಂಡ್ನೇ ಅಲ್ವಾ?"

ಹೆಸರು ಹೇಳದೆ ಬಿಡುಗಡೆಯಿಲ್ಲ ಎಂದು ನಾನು ವಿವರಿಸಿದೆ. ಅವಳು ಸೆರಗು ಸರಿಮಾಡಿಕೊಂಡು ಗಂಟಲು ಸರಿಪಡಿಸಿಕೊಂಡಳು. ಹಿಂದೆ ನಿಂತಿದ್ದ ಶಿವಣ್ಣನ ಮುಖ ಬಿಳಿಚಿಕೊಂಡಿತು.

"ಬ್ಯಾಡ ಕಣೇ. ಆ ಎಮ್ಮೇನೂ ನೀನೇ ಮಡಿಕ್ಕೋ. ಹೆಸರು ಮಾತ್ರ ಹೇಳಬ್ಯಾಡ."

ಜಯಮ್ಮ ನನ್ನ ಕಡೆ ತಿರುಗಿದಳು. "ಎಮ್ಮೆ ನಂದು ಅಂತ ಬರ್ಕೊಳ್ಳಿ."

ನಾನು ಅರ್ಜಿಯ ಅಂಚಿನಲ್ಲಿ ಎಮ್ಮೆಯನ್ನು ಸೇರಿಸಿದೆ. ಶಿವಣ್ಣ ಅದರ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದ. ಶಾಯಿ ಒಣಗುವವರೆಗೆ ಕಾದು, ಜಯಮ್ಮ ಸ್ಪಷ್ಟವಾಗಿ "ಶಿವಣ್ಣ" ಎಂದಳು. ಗುಮಾಸ್ತರಿಗೆ ಕಿವಿ ಮಂದ. ಇನ್ನೆರಡು ಸಲ ಜೋರಾಗಿ ಹೇಳಿದಳು. ಶಿವಣ್ಣ ಬೆಂಚು ಹಿಡಿದು ಕೂತುಬಿಟ್ಟ.

ಮೊನ್ನೆ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಅವನಿಗೆ ಈಗ ಎಂಬತ್ತಾರು.