ಸೇತುವೆಯ ಮೇಲೆ ಮಾವ ಒಪ್ಪಿಕೊಂಡದ್ದು

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದವನು. ಸರ್ಕಾರದ ಸಾಲದ ಅಪಾಯಗಳ ಬಗ್ಗೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದಿದ್ದೇನೆ. ಆ ಸಾಲ ನನ್ನನ್ನು ಕೃಷ್ಣಾ ನದಿಗೆ ಕೆಡವಬಹುದು ಎಂದು ಮಾತ್ರ ಯಾವ ಮೇಷ್ಟರೂ ಹೇಳಿರಲಿಲ್ಲ.

ಬಜೆಟ್ ಮಂಡನೆಯಾದ ಮರುದಿನ. ಅಥಣಿಯಲ್ಲಿ ಮದುವೆ ಊಟ ಮುಗಿಸಿ, ಸತ್ತಿ ಊರಿನ ನನ್ನ ಸೋದರಮಾವ ತಮ್ಮ ಹಳೆಯ ಗೆಳೆಯರೊಬ್ಬರನ್ನು ಅವರೂರು ಅಕ್ಕೋಳಕ್ಕೆ ಬಿಡಲು ಜೀಪು ಹೊರಡಿಸಿದ್ದರು. ಹಿಂದಿನ ಸೀಟಿನಲ್ಲಿ ನಾನು. ಈ ಇಬ್ಬರದೂ ಬೇರೆ ಬೇರೆ ಪಕ್ಷ. ಸರ್ಕಾರ ಬದಲಾದಾಗಲೆಲ್ಲ ಸಾಲ ಬೇಕು ಎನ್ನುವವರು ಬೇಡ ಎನ್ನುತ್ತಾರೆ, ಬೇಡ ಎನ್ನುವವರು ಬೇಕು ಎನ್ನುತ್ತಾರೆ. ಜಗಳ ಮಾತ್ರ ಅದೇ.

ಅವರಲ್ಲೊಂದು ಕಟ್ಟಳೆಯಿದೆ. ಸೋತವರು ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕಿ ಗೆದ್ದವರ ಮುಂದೆ ಹಿಡಿಯಬೇಕು. ಗೆದ್ದವರು ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡರೆ ವಾದ ಮುಗಿದಂತೆ. ಗೆಳೆಯರು ತಿಕ್ಕಿದ್ದನ್ನು ಬೇಕಾದಷ್ಟು ಸಲ ನೋಡಿದ್ದೆ. ಮಾವ ತಿಕ್ಕಿದ್ದನ್ನು ನೋಡಿರಲಿಲ್ಲ. ಒಪ್ಪಿಕೊಳ್ಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಪುಕ್ಕಟೆ ಯೋಜನೆಗಳಿಗೆ ಸಾಲ ತಂದು ಬಡ್ಡಿಯನ್ನು ಮೊಮ್ಮಕ್ಕಳ ತಲೆಗೆ ಕಟ್ಟುತ್ತಿದ್ದಾರೆ ಎಂದು ಮಾವ. ಹಿಂದಿನವರು ತಂದದ್ದೇನು ಪ್ರಸಾದವೇ ಎಂದು ಗೆಳೆಯರು. ಆದಾಯಕ್ಕೆ ತಕ್ಕ ಮಿತಿ ಇರಬೇಕು ಎಂದು ನಾನು ಬಾಯಿ ಹಾಕಿದೆ. ಪುಸ್ತಕದ ಮಾತು ಎಂದು ಇಬ್ಬರೂ ಬದಿಗೆ ಸರಿಸಿದರು. ಅಷ್ಟರಲ್ಲಿ ಜೀಪು ಕೃಷ್ಣಾ ಸೇತುವೆ ಹತ್ತಿತ್ತು.

“ಈಗ ನಿನ್ನ ಗಾಡಿ ಯಾವುದರ ಮ್ಯಾಲ ಹೊಂಟೈತಿ?” ಎಂದರು ಗೆಳೆಯರು. “ನಿಮ್ಮಜ್ಜ ರೊಕ್ಕಾ ಎಣಿಸಿ ಕಟ್ಟಿಸ್ಯಾನೇನು? ಸರ್ಕಾರ ಸಾಲಾ ಮಾಡೇ ಕಟ್ಟೈತಿ. ಇದಿಲ್ಲಂದ್ರ ನಿನ್ನ ಕಬ್ಬು ದೋಣ್ಯಾಗ ಹೋಗತಿತ್ತು.”

ಮಾವ ಕಿಟಕಿಯಾಚೆ ನೀರನ್ನು ನೋಡಿದರು.

“ಹೌದಪಾ. ಇದೊಂದು ಖರೆ ಐತಿ.”

ಅಂದವರೇ ಎರಡೂ ಕೈಯನ್ನು ಸ್ಟೀರಿಂಗಿನಿಂದ ತೆಗೆದು ಜೇಬಿನ ತಂಬಾಕಿನ ಚೀಲಕ್ಕೆ ಹಾಕಿದರು. ನಿಯಮ ಎಂದರೆ ನಿಯಮ. ಗೆಳೆಯರು, ಎಷ್ಟೋ ವರ್ಷ ಕಾದ ಗಳಿಗೆಯಲ್ಲವೇ, ಆ ಅಂಗೈಯನ್ನೇ ನೋಡುತ್ತ ಕುಳಿತಿದ್ದರು. ಎದುರಿಗೆ ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಬರುತ್ತಿದ್ದದ್ದನ್ನು ನೋಡಿದವನು ನಾನೊಬ್ಬನೇ. ಮುಂದಕ್ಕೆ ಬಿದ್ದು ಸ್ಟೀರಿಂಗ್ ಎಳೆದೆ. ಎಡಗಡೆ ಕಟ್ಟೆಗೆ ಜೀಪು ಕರ್ರೆಂದು ಉಜ್ಜಿತು, ಬಲಗಡೆ ಕಬ್ಬಿನ ತುದಿಗಳು ಗಾಜನ್ನು ಸವರಿಕೊಂಡು ಹೋದವು. ಆ ಎರಡರ ನಡುವೆ ಎಷ್ಟು ಜಾಗವಿತ್ತು ಎಂದು ಈಗಲೂ ಸ್ನಾನ ಮಾಡುವಾಗ, ಊಟಕ್ಕೆ ಕುಳಿತಾಗ ಅಳೆಯುತ್ತಿರುತ್ತೇನೆ. ಪ್ರತಿ ಸಲವೂ ಸ್ವಲ್ಪ ಕಡಿಮೆಯೇ ಆಗುತ್ತದೆ.

ಸೇತುವೆ ದಾಟಿ ನಿಂತೆವು. ತಂಬಾಕೆಲ್ಲ ಮಾವನ ಧೋತರದ ಮೇಲೆ ಚೆಲ್ಲಿತ್ತು. ಅವರು ಬರಿದಾದ ಅಂಗೈ ನೋಡಿಕೊಂಡರು.

“ನೀ ಬಾಯಾಗ ಹಾಕ್ಕೊಂಡಿಲ್ಲ,” ಎಂದರು ಗೆಳೆಯರಿಗೆ. “ಅಂದಮ್ಯಾಲ ನಾ ಸೋತಿಲ್ಲ.”

“ಸೋತಿ. ಬೇಕಾದ್ರ ನಿನ್ನ ಅಳಿಯನ್ನ ಕೇಳು.”

ನಾನು ಕೀಲಿಕೈ ಕಿತ್ತುಕೊಂಡು ಮಾವನನ್ನು ಹಿಂದಿನ ಸೀಟಿಗೆ ಕಳಿಸಿ, ಎರಡನೇ ಗೇರಿನಲ್ಲಿ ಜೀಪು ಹೊರಡಿಸಿದೆ. ಚಿಕ್ಕೋಡಿ ಬರುವವರೆಗೂ ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಲೇ ಇದ್ದವು.

“ಹಿಂಗ ಹೋದ್ರ,” ಎಂದರು ಮಾವ, “ನಾವು ಅಕ್ಕೋಳ ಮುಟ್ಟೂದ್ರಾಗ ಸರ್ಕಾರದ ಸಾಲಾನೂ ತೀರಿರತೈತಿ.”

ಗೆಳೆಯರು ಹೌದೆಂದು ತಲೆಯಾಡಿಸಿದರು. ನಾನು ಗೇರು ಬದಲಿಸಲಿಲ್ಲ.