ಬಲಿಗಂಬದ ವರದಿ

ಹೊಸ ಕ್ಯಾಮೆರಾ ಅಂಗಡಿಗೆ ಬಂದ ದಿನವೇ ಕಿನುಯೋ ಹತಾನಾಕಾ ಅದನ್ನು ಕೊಂಡಳೆಂದು ಕೇಳಿ, ಜಪಾನಿನ ಅಕಿತಾ ಸೀಮೆಯ ಒಂದು ಪುಟ್ಟ ಊರಿನ ರೈಲು ಛಾಯಾಗ್ರಾಹಕರ ಸಂಘದವರೆಲ್ಲ ಮುಸಿಮುಸಿ ನಕ್ಕರು. ಮೊದಲ ದಿನ ಕೊಳ್ಳುವವರಿಗೆ ಅಲ್ಲಿ ಬಲಿಗಂಬ ಎಂದು ಹೆಸರು. ಹೊಸ ಯಂತ್ರದ ಹುಳುಕನ್ನೆಲ್ಲ ತಾನು ಅನುಭವಿಸಿ, ತಿಂಗಳ ಸಭೆಯಲ್ಲಿ ಎದ್ದುನಿಂತು ವರದಿ ಒಪ್ಪಿಸುವುದು ಬಲಿಗಂಬದ ಕೆಲಸ. ಉಳಿದವರು ಚಹಾ ಹೀರುತ್ತ ಕೇಳಿ, ಈಗಲೇ ಕೊಳ್ಳುವುದೋ ಬೆಲೆ ಇಳಿಯುವವರೆಗೆ ಕಾಯುವುದೋ ಎಂದು ತೀರ್ಮಾನಿಸುತ್ತಾರೆ. ಅರವತ್ತೊಂದರ ಹೆಂಗಸಿಗೆ ಇದು ಎರಡನೆಯ ಬಲಿ.

ಮೊದಲನೆಯದು ಮೂರು ವರ್ಷದ ಹಿಂದೆ. ಆಗ ಅವಳನ್ನು ಹುರಿದುಂಬಿಸಿ ಕೊಳ್ಳಿಸಿದವರು ಸಂಘದ ಅಧ್ಯಕ್ಷ, ನಿವೃತ್ತ ಮೇಷ್ಟ್ರು ನಿಶಿವಾಕಿ. ಅವಳ ಗಂಡ ಯೊಶಿಜಿ ಮೂವತ್ತೆಂಟು ವರ್ಷ ಆ ಊರಿನ ಮಾರ್ಗದಲ್ಲಿ ರೈಲು ಓಡಿಸಿದವನು. ಅವನ ಕೊನೆಯ ಓಟದ ದಿನ ಕಿನುಯೋ ಹೊಳೆಯ ಸೇತುವೆಯ ಬಳಿ ಕಾದು ನಿಂತಳು. ರೈಲು ಬಂತು, ಅವಳು ಗುಂಡಿ ಒತ್ತಿದಳು, ಪರದೆ ಕಪ್ಪಾಯಿತು. ಅದು ಬೆಳಗುವಷ್ಟರಲ್ಲಿ ಸೇತುವೆ ಖಾಲಿಯಾಗಿತ್ತು. ಮರುವಾರ ಅಂಗಡಿಯವನು, "ಈ ತೊಂದ್ರೆ ಇದೆ ಅಂತ ಮೇಷ್ಟ್ರಿಗೆ ಮೊದ್ಲೇ ಹೇಳಿದ್ನಲ್ಲಮ್ಮ, ಅವ್ರು ನಿಮ್ಗೆ ಹೇಳ್ಲಿಲ್ವಾ?" ಎಂದ. ಹೇಳಿರಲಿಲ್ಲ. ತಾನು ಕೊಳ್ಳುವ ಮುಂಚೆ ಯಾರ ಕೈಯಲ್ಲಾದರೂ ಪರೀಕ್ಷೆಯಾಗಲಿ ಎಂದು ಆ ಮಹಾನುಭಾವ ಬಾಯಿಗೆ ಬೀಗ ಹಾಕಿಕೊಂಡಿದ್ದ. ಮುಂದಿನ ವಸಂತದಲ್ಲಿ ಯೊಶಿಜಿ ತೀರಿಕೊಂಡ. ಅವನು ಚಾಲಕನ ಪೀಠದಲ್ಲಿ ಕುಳಿತ ಒಂದೇ ಒಂದು ಚಿತ್ರ ಅವಳ ಹತ್ತಿರ ಇರಲಿಲ್ಲ.

ಈಗ ಆ ಮಾರ್ಗವನ್ನೇ ಮುಚ್ಚುತ್ತಿದ್ದರು. ಫೆಬ್ರವರಿಯ ಕೊನೆಯ ಮುಂಜಾನೆ ಹೊರಡುವ ಕೊನೆಯ ರೈಲನ್ನು ಓಡಿಸುವವಳು ಮೇಷ್ಟ್ರ ಮಗಳು ಮಿಯೊ. ಅವಳು ಯೊಶಿಜಿಯ ಕೈಕೆಳಗೆ ಎಂಟು ತಿಂಗಳು ಕಲಿತ ಹುಡುಗಿ, ಅವನ ಕೊನೆಯ ಶಿಷ್ಯೆ. ಆ ಮಬ್ಬಿನಲ್ಲಿ ಗಾಜಿನ ಹಿಂದಿನ ಮುಖ ಹಳೆಯ ಕ್ಯಾಮೆರಾಗಳಿಗೆ ಕಾಣುವುದಿಲ್ಲ. ಡಿಸೆಂಬರಿನಲ್ಲಿ ಬಂದ ಹೊಸದಕ್ಕೆ ಕಾಣುತ್ತದೆ. ಆರು ತಿಂಗಳು ಕಾಯದೆ ಏನನ್ನೂ ಕೊಳ್ಳದ ಮೇಷ್ಟ್ರಿಗೆ ಈ ಸಲ ಕಾಯಲು ಕಾಲವಿರಲಿಲ್ಲ. ಇದು ಗೊತ್ತಿದ್ದೇ ಕಿನುಯೋ ಬಲಿಗಂಬವಾದಳು.

ದಿನಾ ಬೆಳಗ್ಗೆ ಹಿತ್ತಲ ಹಿಮದಲ್ಲಿ ಕ್ಯಾಮೆರಾ ನಿಲ್ಲಿಸಿ ಕೆಣಕಿದಳು. ಹನ್ನೊಂದನೆಯ ದಿನ ಅವಳು ಹುಡುಕುತ್ತಿದ್ದದ್ದು ಸಿಕ್ಕಿತು. ಕೊರೆಯುವ ಚಳಿಯಲ್ಲಿ ಅರ್ಧ ಗಂಟೆ ಚಾಲೂ ಇಟ್ಟರೆ, ಗುಂಡಿ ಒತ್ತಿದ ಕೂಡಲೇ ಯಂತ್ರ ಎರಡು ನಿಮಿಷ ಮರಗಟ್ಟಿ ಕೂರುತ್ತಿತ್ತು. ಮದ್ದೂ ಸುಲಭ: ಒಮ್ಮೆ ಆರಿಸಿ ಮತ್ತೆ ಹೊತ್ತಿಸಿದರೆ ಸಾಕು. ಅವಳು ಹಿಮದಲ್ಲೇ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡ ಸತ್ತ ಮೇಲೆ ಅಷ್ಟು ನಕ್ಕಿರಲಿಲ್ಲ.

ಜನವರಿಯ ಸಭೆಯಲ್ಲಿ ಮೇಷ್ಟ್ರು ಮೂಲಂಗಿ ಉಪ್ಪಿನಕಾಯಿ ಕಚ್ಚುತ್ತ ಕೇಳಿದರು. "ಹೇಳಿ ಕಿನುಯೋ ಅವ್ರೇ, ಈ ಸಲ ಏನು ಗ್ರಹಚಾರ?"

"ಏನೂ ಇಲ್ಲ ಮೇಷ್ಟ್ರೇ. ಚಿನ್ನದಂಥ ಕ್ಯಾಮೆರಾ."

"ಚಳೀಲಿ?"

"ಚಳೀಲಿ ನನ್ ಮಂಡಿ ಕೈಕೊಡ್ತು. ಅದು ಕೊಡ್ಲಿಲ್ಲ."

ಎಲ್ಲರೂ ಗೊಳ್ಳೆಂದರು. "ಅಲ್ಲ, ನಿಜ ಹೇಳಿ. ಹಳೇದನ್ನ ಅಂಗ್ಡಿಗೆ ಕೊಟ್ಟು ಬದ್ಲಾಯಿಸ್ಕೋಬೇಕು. ಆಮೇಲೆ ನಂಗೆ ಬೇರೆ ಗತಿ ಇಲ್ಲ," ಎಂದರು ಮೇಷ್ಟ್ರು.

"ಕೊಟ್ಬಿಡಿ," ಎಂದಳು ಕಿನುಯೋ. "ಮಗಳ ಮುಖಕ್ಕಿಂತ ಹಳೇ ಡಬ್ಬ ಹೆಚ್ಚಾ?"

ಮೇಷ್ಟ್ರು ಮರುದಿನವೇ ಬದಲಾಯಿಸಿಕೊಂಡರು.

ಆ ಮುಂಜಾನೆ ಸೇತುವೆಯ ಬಳಿ ಮೊಣಕಾಲೆತ್ತರ ಹಿಮ. ಅವಳು ಬೇಕೆಂದೇ ಮೇಷ್ಟ್ರ ಪಕ್ಕದಲ್ಲಿ ಕ್ಯಾಮೆರಾದ ಮುಕ್ಕಾಲಿ ಊರಿದಳು. ರೈಲು ಎಲ್ಲಿ ತಪ್ಪೀತೋ ಎಂದು ಅವರು ಬಂದ ಗಳಿಗೆಯಿಂದ ಕ್ಯಾಮೆರಾ ಚಾಲೂ ಇಟ್ಟೇ ಕಾಯುತ್ತಿದ್ದರು. ನಡುವೆ ಜೇಬಿನಿಂದ ಬಿಸಿಚೀಲವೊಂದನ್ನು ತೆಗೆದು ಅವಳತ್ತ ಚಾಚಿದರು. "ಇಟ್ಕೊಳ್ಳಿ. ಬೆರಳು ಮರಗಟ್ಟುತ್ತೆ."

ಒಂದು ಮಾತು ಅವಳ ನಾಲಗೆಯ ತುದಿಗೆ ಬಂತು. ಕಪ್ಪಾದ ಪರದೆ, ಖಾಲಿ ಸೇತುವೆ ನೆನಪಾಯಿತು. ಮಾತನ್ನು ನುಂಗಿಕೊಂಡು ಬಿಸಿಚೀಲವನ್ನು ಮಾತ್ರ ಇಸಿದುಕೊಂಡಳು.

ಶಿಳ್ಳೆ ಕೇಳಿಸಿತು. ಕಿನುಯೋ ತನ್ನ ಕ್ಯಾಮೆರಾವನ್ನು ಆರಿಸಿ ಹೊತ್ತಿಸಿದಳು. ರೈಲು ಸೇತುವೆಗೆ ಏರಿತು, ಚಾಲಕಿ ಕೈ ಎತ್ತಿದಳು. ಕಿನುಯೋಳ ಯಂತ್ರ ಪಟಪಟನೆ ಚಿತ್ರ ಹೊಡೆಯಿತು. ಪಕ್ಕದಲ್ಲಿ ಸದ್ದಿಲ್ಲ. ಮೇಷ್ಟ್ರು ಗುಂಡಿಯನ್ನು ಒತ್ತಿದರು, ಕುಟ್ಟಿದರು, "ಅಯ್ಯೋ, ಅಯ್ಯೋ" ಎಂದರು. ಕೊನೆಯ ಡಬ್ಬಿಯ ಕೆಂಪು ದೀಪ ಹಿಮದೊಳಗೆ ಮರೆಯಾಯಿತು.

ಮೇಷ್ಟ್ರು ಅವಳ ಕಡೆ ತಿರುಗಿದರು. "ನಿಮ್ಗೆ ಗೊತ್ತಿತ್ತು."

"ನಿಮ್ಗೂ ಗೊತ್ತಿತ್ತು," ಎಂದಳು ಕಿನುಯೋ. "ಮೂರು ವರ್ಷದ ಹಿಂದೆ."

ಮೇಷ್ಟ್ರು ಟೋಪಿ ತೆಗೆದು, ಹಿಮಕ್ಕೆ ತಲೆ ತಾಗುವಷ್ಟು ಬಗ್ಗಿದರು. "ತಪ್ಪಾಯ್ತು. ನಿಮ್ಮದ್ರಲ್ಲಿ ಬಂದಿದ್ಯಲ್ಲ, ಒಂದೇ ಒಂದು ಕೊಡಿ. ನನ್ ಮಗಳದು."

ಈ ಬಗ್ಗಿದ ಬೆನ್ನನ್ನೇ ಅವಳು ಮೂರು ಚಳಿಗಾಲ ಕನಸು ಕಂಡಿದ್ದಳು. ಚಿತ್ರವನ್ನು ಅವರ ಕಣ್ಣೆದುರೇ ಅಳಿಸುವುದೆಂದು ಮೊದಲೇ ನಿಶ್ಚಯಿಸಿದ್ದಳು. ಮೊದಲು ಚೆನ್ನಾಗಿ ನೋಡಲಿ, ಆಮೇಲೆ ಕಳೆದುಕೊಳ್ಳಲಿ ಎಂದು ಮುಖವನ್ನು ಪರದೆ ತುಂಬ ಹಿಗ್ಗಿಸಿದಳು. ಹಿಗ್ಗಿಸಿದವಳ ಕಣ್ಣು ಮುಖದ ಪಕ್ಕ ಎತ್ತಿದ್ದ ಮಿಯೊಳ ಕೈಯ ಮೇಲೆ ನಿಂತಿತು. ಸಂಕೇತ ದೀಪ ಕಂಡಾಗ ಚಾಲಕರು ತೋರುಬೆರಳು ಚಾಚಿ ಕೂಗಬೇಕು, ಅದು ನಿಯಮ. ಯೊಶಿಜಿ ಒಬ್ಬ ಮಾತ್ರ, ಮೇಲಿನವರು ಎಷ್ಟು ಬೈದರೂ, ಕಿರುಬೆರಳನ್ನೂ ಜೊತೆಗೆ ಚಾಚುತ್ತಿದ್ದ. ಊಟಕ್ಕೆ ಕೂತಾಗ ಸೊಪ್ಪಿನ ಸಾರು ಇನ್ನಷ್ಟು ಬೇಕೆಂದು ತೋರಿಸುವಾಗಲೂ ಹಾಗೆಯೇ. ಗಾಜಿನ ಹಿಂದೆ ಬಿಳಿ ಕೈಗವುಸಿನಲ್ಲಿ ಆ ಎರಡು ಬೆರಳು ನೆಟ್ಟಗೆ ನಿಂತಿದ್ದವು.

ಅವಳ ಹೆಬ್ಬೆರಳು ಅಳಿಸುವ ಗುಂಡಿಯಿಂದ ಜಾರಿತು.

"ತೋರ್ಸಿ," ಎಂದು ಮೇಷ್ಟ್ರು ಗೋಗರೆದರು. "ಬರೀ ನೋಡ್ತೀನಿ."

ಕಿನುಯೋ ಕ್ಯಾಮೆರಾವನ್ನು ಎದೆಗವಚಿಕೊಂಡು ಮೇಲಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು.

"ಇದು ನಿಮ್ ಮಗಳದಲ್ಲ ಮೇಷ್ಟ್ರೇ, ನಮ್ ಯಜಮಾನ್ರದು," ಎಂದಳು. "ಕೊಡಲ್ಲ."